ಜುಲೈ ತಿಂಗಳಲ್ಲಿ ಬಂದು ಹೊಳೆ ನೋಡಿ: ಸಣ್ಣ ಸೇತುವೆಗಳನ್ನು ಕಟ್ಟುವವರಿಗೊಂದು ಬಹಿರಂಗ ಪತ್ರ

ಗೆ,
ಕರಾವಳಿ ಮತ್ತು ಮಲೆನಾಡಿನ ಹೊಳೆ, ಹಳ್ಳ, ತೋಡುಗಳಿಗೆ ಕಾಲುಸಂಕ, ಕಿರುಸೇತುವೆ, ಕಿಂಡಿ ಅಣೆಕಟ್ಟು ಹಾಗೂ ದಂಡೆಯ ಗೋಡೆಗಳನ್ನು ವಿನ್ಯಾಸ ಮಾಡುವ ಇಂಜಿನಿಯರುಗಳಿಗೆ ಮತ್ತು ಅವುಗಳಿಗೆ ಮಂಜೂರಾತಿ ನೀಡುವ ಅಧಿಕಾರಿಗಳಿಗೆ.

ಮಾನ್ಯರೇ,

31 ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅದರ ಬಹುಪಾಲನ್ನು ಮೋರಿ ಮತ್ತು ಸಣ್ಣ ಸೇತುವೆಗಳ ಕೆಲಸದಲ್ಲೇ ಕಳೆದ ನಾನು, ನಿವೃತ್ತಿಯ ನಂತರ ಕುಂದಾಪುರ ಸೀಮೆಯ ಘಟ್ಟದ ಬುಡದಲ್ಲಿರುವ ನನ್ನ ಹುಟ್ಟೂರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ತೋಟದ ಅಂಚಿನಲ್ಲೇ ಹೊಳೆ ಹರಿಯುತ್ತದೆ. ಆ ಹೊಳೆಗೆ ಮೂರು ವರ್ಷಗಳ ಹಿಂದೆ ಕಟ್ಟಿದ ಬೇಸಿಗೆಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಸಹಿತ ಸೇತುವೆಯು ಮೊದಲ ಮಳೆಗಾಲದಲ್ಲೇ ಉಪಯೋಗಕ್ಕೆ ಬಾರದಂತಾದುದನ್ನು ಕಣ್ಣಾರೆ ಕಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಟ್ಟಿಸಿದ ಕಚೇರಿಯನ್ನಾಗಲಿ, ಗುತ್ತಿಗೆದಾರರನ್ನಾಗಲಿ ಇಲ್ಲಿ ಹೆಸರಿಸುವುದಿಲ್ಲ. ಇದೇ ತಪ್ಪನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕೈಗಳು ಮಾಡಿದ್ದನ್ನು ಸೇವೆಯುದ್ದಕ್ಕೂ ನೋಡಿದ್ದೇನೆ. ಒಂದೆರಡು ಕಡೆ ಆ ಕೈ ನನ್ನದೇ ಆಗಿತ್ತು ಎಂಬುದನ್ನೂ ಮುಚ್ಚಿಡಲಾರೆ.

ಸೇತುವೆ ಬರುವ ಮುಂಚೆ ನಮ್ಮ ಹೊಳೆಗೆ ಇದ್ದುದು ಕಾಲುಸಂಕ. ಮೇ ತಿಂಗಳ ಕೊನೆಯಲ್ಲಿ ಎರಡೂ ಕಡೆಯ ಮನೆಗಳವರು ಸೇರಿ, ನಾಲ್ಕೈದು ಅಡಿಕೆ ಮರಗಳನ್ನು ಉದ್ದಕ್ಕೆ ಜೋಡಿಸಿ, ಹಗ್ಗದಿಂದ ಬಿಗಿದು, ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟುತ್ತಿದ್ದರು. ಆಷಾಢದ ಮಳೆಗೆ ಅದರ ಮೇಲೆ ಪಾಚಿ ಕಟ್ಟಿ, ಕಾಲಿಟ್ಟರೆ ಜಾರುತ್ತಿತ್ತು. ಶಾಲೆಗೆ ಹೋಗುವ ಮಕ್ಕಳನ್ನು ಮನೆಯವರು ರಟ್ಟೆ ಹಿಡಿದು ದಾಟಿಸುತ್ತಿದ್ದರು, ನೆರೆ ಹೆಚ್ಚಾದ ದಿನ ಶಾಲೆಯೇ ಇಲ್ಲ. ಆ ಸಂಕವನ್ನು ನಾನು ಹೊಗಳಲು ಹೊರಟಿಲ್ಲ. ಆದರೆ ಅದನ್ನು ಹಾಕುತ್ತಿದ್ದ ಜಾಗವನ್ನು ಹಿರಿಯರು ಗುರುತಿಸಿದ ರೀತಿಯನ್ನು ಮಾತ್ರ ಹೊಗಳಲೇಬೇಕು. ಹೊಳೆಯು ನೇರವಾಗಿ ಹರಿಯುವ, ಎರಡೂ ದಂಡೆಗಳಲ್ಲಿ ಕರಿಬಂಡೆ ಮೇಲೆ ಎದ್ದಿರುವ, ನೀರು ಎಷ್ಟೇ ಏರಿದರೂ ಪಾತ್ರ ಬಿಟ್ಟು ಆಚೀಚೆ ಹೋಗಲಾಗದ ಒಂದೇ ಒಂದು ಜಾಗ ಅದು. ಸಂಕ ಕೊಚ್ಚಿಹೋದ ವರ್ಷಗಳಿವೆ. ಸಂಕದ ಬುಡ ಕೊಚ್ಚಿಹೋದ ವರ್ಷ ಯಾರ ನೆನಪಿನಲ್ಲೂ ಇಲ್ಲ.

ಸೇತುವೆಯ ಸರ್ವೆ ನಡೆದದ್ದು ಫೆಬ್ರವರಿಯಲ್ಲಿ. ಅಳತೆಗೆ ಬಂದ ಇಬ್ಬರು ತರುಣರು ಸಭ್ಯರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಹೊಳೆಯಲ್ಲಿ ಆಗ ಮೊಣಕಾಲು ಮುಳುಗದಷ್ಟು ನೀರು, ಹರಿವಿನ ಅಗಲ 6 ಮೀಟರ್. ಒಂದೂವರೆ ಗಂಟೆಯಲ್ಲಿ ಅಳತೆ ಮುಗಿಯಿತು. ನಾನು ಅವರನ್ನು ಹೊಳೆಬದಿಯ ಹಲಸಿನ ಮರದ ಬಳಿಗೆ ಕರೆದುಕೊಂಡು ಹೋಗಿ, ನಿವೃತ್ತಿಯಾದ ವರ್ಷದಿಂದ ಪ್ರತಿ ಮಳೆಗಾಲದ ಗರಿಷ್ಠ ನೀರಿನ ಮಟ್ಟವನ್ನು ಕಾಂಡದ ಮೇಲೆ ಬಣ್ಣದ ಗೆರೆಯಾಗಿ ಗುರುತಿಸಿರುವುದನ್ನು ತೋರಿಸಿದೆ. ಅವರು ಫೋಟೊ ತೆಗೆದುಕೊಂಡರು. ಕೆಲವು ತಿಂಗಳ ನಂತರ ಕೆಲಸ ಆರಂಭವಾದಾಗ ನಕ್ಷೆಯನ್ನು ಕೇಳಿ ನೋಡಿದೆ. ಅದರಲ್ಲಿ ಆ ಗೆರೆಗಳಿಗೆ ಸಂಬಂಧಿಸಿದ ಒಂದು ಅಂಕಿಯೂ ಇರಲಿಲ್ಲ. ಮಂಜೂರಾದ ಮೊತ್ತಕ್ಕೆ ಮೂರು ಕಿಂಡಿಗಳಷ್ಟೇ ಆಗುತ್ತದೆ ಎಂಬ ಉತ್ತರ ಸಿಕ್ಕಿತು. ಜಾಗವೂ ಬದಲಾಗಿತ್ತು. ರಸ್ತೆ ನೇರವಾಗಲಿ ಎಂಬ ಕಾರಣಕ್ಕೆ ಸೇತುವೆಯನ್ನು ಹಳೆಯ ಸಂಕದಿಂದ 40 ಮೀಟರ್ ಕೆಳಕ್ಕೆ, ಹೊಳೆಯು ಬಲಕ್ಕೆ ತಿರುಗುವ ಬಾಗಿಗೆ ತಂದಿದ್ದರು.

ಲೆಕ್ಕವನ್ನು ಸರಳವಾಗಿ ಹೇಳುತ್ತೇನೆ. ಮರದ ಮೇಲಿನ ಗೆರೆಗಳ ಪ್ರಕಾರ ನೆರೆಯ ದಿನ ನಮ್ಮ ಹೊಳೆಯ ಅಗಲ 19 ಮೀಟರ್, ಸರಾಸರಿ ಆಳ 1.8 ಮೀಟರ್, ಅಂದರೆ ನೀರು ಹೋಗುವ ದಾರಿ ಸುಮಾರು 34 ಚದರ ಮೀಟರ್. ಕಟ್ಟಿದ್ದು 3 ಮೀಟರ್ ಅಗಲ, 2 ಮೀಟರ್ ಎತ್ತರದ ಮೂರು ಕಿಂಡಿಗಳನ್ನು. ಅವುಗಳ ಒಟ್ಟು ದಾರಿ 18 ಚದರ ಮೀಟರ್. ದಾರಿ ಅರ್ಧಕ್ಕೆ ಇಳಿದಾಗ ನೀರು ಮೇಲ್ಭಾಗದಲ್ಲಿ ಏರಿ ನಿಲ್ಲಬೇಕು, ಇಲ್ಲವೇ ವೇಗ ಹೆಚ್ಚಿಸಿಕೊಂಡು ನುಗ್ಗಬೇಕು. ಸಾಮಾನ್ಯವಾಗಿ ಅದು ಎರಡನ್ನೂ ಮಾಡುತ್ತದೆ. ವೇಗ ಇಮ್ಮಡಿಯಾದರೆ ಕಂಬದ ಮೇಲಿನ ನೂಕು ನಾಲ್ಕು ಪಟ್ಟಾಗುತ್ತದೆ ಮತ್ತು ನೀರು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬ ಹಳೆಯ ಪಾಠವನ್ನು ನಾವೆಲ್ಲರೂ ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೇವೆ.

ಮೊದಲ ಮಳೆಗಾಲದ ಜುಲೈ ಎರಡನೆಯ ವಾರದಲ್ಲಿ ಘಟ್ಟದ ಮೇಲೆ ಎರಡು ದಿನ ಬಿಡದೆ ಮಳೆ ಸುರಿಯಿತು. ಬೇರುಸಹಿತ ಕಿತ್ತು ಬಂದ ಒಂದು ಮರ ನಡುವಿನ ಕಿಂಡಿಗೆ ಅಡ್ಡ ಸಿಕ್ಕಿಕೊಂಡಿತು. ಅದಕ್ಕೆ ಬಿದಿರಿನ ಹಿಂಡಿಲು, ಅಡಿಕೆ ಸೋಗೆ, ಬಾಳೆಗಿಡಗಳು ಬಂದು ಸೇರಿ, ಸಂಜೆಯ ಹೊತ್ತಿಗೆ ಮೂರರಲ್ಲಿ ಎರಡು ಕಿಂಡಿಗಳು ಮುಚ್ಚಿಹೋದವು. ರಾತ್ರಿ ಹತ್ತರ ಸುಮಾರಿಗೆ ಎಡದಂಡೆಯಲ್ಲಿ ದರೆ ಕುಸಿಯುವ ಸದ್ದು ಕೇಳಿಸಿತು. ಬೆಳಗ್ಗೆ ನೋಡಿದರೆ ಸೇತುವೆಗೆ ಏನೂ ಆಗಿರಲಿಲ್ಲ: ಕಂಬ, ಸ್ಲ್ಯಾಬ್, ನಾಮಫಲಕ ಎಲ್ಲವೂ ಇದ್ದಲ್ಲೇ ಇದ್ದವು. ಎಡತುದಿಯಲ್ಲಿ ದಂಡೆಯ ಮಣ್ಣು ತಡೆಯುವ ವಿಂಗ್ ವಾಲ್ (ರೆಕ್ಕೆಗೋಡೆ) ಮಾತ್ರ ವಾಲಿತ್ತು, ಅದರ ಹಿಂದಿನ 7 ಮೀಟರ್ ನೆಲ ಮತ್ತು ಸುಮಾರು ಅರ್ಧ ಎಕರೆ ಗದ್ದೆ ಹೊಳೆಯ ಪಾಲಾಗಿದ್ದವು. ನೀರು ಸೇತುವೆಯನ್ನು ಬಿಟ್ಟು ತನಗೆ ಬೇಕಾದ ಉಳಿದ ದಾರಿಯನ್ನು ಪಕ್ಕದಲ್ಲಿ ತಾನೇ ಮಾಡಿಕೊಂಡಿತ್ತು. ವಾರ ಕಳೆದ ಮೇಲೆ ಊರವರು ಐದು ಅಡಿಕೆ ಮರ ತಂದು, ಸ್ಲ್ಯಾಬಿನ ತುದಿಯಿಂದ ಹೊಸ ದಂಡೆಗೆ ಹಾಕಿದರು. ಮಕ್ಕಳು ಈಗ ಕಾಂಕ್ರೀಟಿನ ಸೇತುವೆಯ ಮೇಲೆ ನಡೆದು, ಅದರ ಕೊನೆಯಲ್ಲಿ ಮತ್ತೆ ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಮೂರು ವರ್ಷಗಳಿಂದ ಇದೇ ಸ್ಥಿತಿ.

ಇಲ್ಲಿ ಕಾಂಕ್ರೀಟು ಕಳಪೆಯಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೆಲಸ ನಡೆಯುವಾಗ ದಿನವೂ ನೋಡಿದ್ದೇನೆ. ಕಬ್ಬಿಣವೂ ಸಿಮೆಂಟೂ ಸರಿಯಾಗಿಯೇ ಇದ್ದವು. ನಮ್ಮಲ್ಲಿ ಸೇತುವೆ ಕೆಟ್ಟರೆ ಜನ ಕೂಡಲೇ ಕಳಪೆ ಕಾಮಗಾರಿ ಎನ್ನುತ್ತಾರೆ, ಅಧಿಕಾರಿಗಳು ಕೂಡಲೇ ಪ್ರಕೃತಿ ವಿಕೋಪ ಎನ್ನುತ್ತಾರೆ. ಸಣ್ಣ ಸೇತುವೆಗಳು ಮೇಲಿನ ಭಾರಕ್ಕೆ ಮುರಿಯುವುದು ಅಪರೂಪ. ಅವು ಕೆಡುವುದು ಹೆಚ್ಚಾಗಿ ಅಡಿಪಾಯದ ಬುಡವನ್ನೋ ದಂಡೆಯನ್ನೋ ನೀರು ಕೊರೆಯುವುದರಿಂದ. ಬಾಗಿನಲ್ಲಿ ಹೊರಗಿನ ದಂಡೆಯನ್ನು ಹೊಳೆ ಸದಾ ತಿನ್ನುತ್ತಿರುತ್ತದೆ, ಒಳಗಿನ ದಂಡೆಗೆ ಮರಳು ತಂದು ಹಾಕುತ್ತಿರುತ್ತದೆ. ನಮ್ಮ ಸೇತುವೆಯ ಎಡತುದಿ ಇದ್ದುದು ಹೊರಗಿನ ದಂಡೆಯಲ್ಲಿ. ಅದೂ ಎಂತಹ ಮಣ್ಣಿನಲ್ಲಿ? ಕರಾವಳಿಯವರಿಗೆ ಶೇಡಿ ಮಣ್ಣಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೇಲೆ ಕೆಂಪು ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ. ಒಣಗಿರುವಾಗ ಅದು ಗುದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಂಡು ಕರಗಿ ಹರಿಯುತ್ತದೆ. ಫೆಬ್ರವರಿಯಲ್ಲಿ ಗುಂಡಿ ತೆಗೆದು ಗಟ್ಟಿ ನೆಲ ಸಿಕ್ಕಿದೆ ಎಂದು ಬರೆದುಕೊಂಡವರು ಸುಳ್ಳು ಬರೆದಿರಲಿಲ್ಲ, ಆದರೆ ಅವರು ಬರೆದದ್ದು ಫೆಬ್ರವರಿಯ ನೆಲದ ವಿಷಯ.

ನಾನು ಹೇಳುತ್ತಿರುವ ಯಾವುದೂ ಹೊಸದಲ್ಲ. ಸಣ್ಣ ಸೇತುವೆ ಮತ್ತು ಮೋರಿಗಳ ವಿನ್ಯಾಸಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಸ್‌ಪಿ 13 ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದೆ. ಒಟ್ಟು ಉದ್ದ 30 ಮೀಟರ್ ಮೀರದ, ಒಂದೊಂದು ಅಂಕಣ, ಅಂದರೆ ಎರಡು ಆಧಾರಗಳ ನಡುವಿನ ಅಂತರ, 10 ಮೀಟರ್ ಮೀರದ ಸೇತುವೆಯೇ ಅದರ ಪ್ರಕಾರ ಸಣ್ಣ ಸೇತುವೆ. ನಮ್ಮ ಊರುಗಳ ಬಹುತೇಕ ಸೇತುವೆಗಳು ಇದರೊಳಗೆ ಬರುತ್ತವೆ. ಜಲಾನಯನದ ವಿಸ್ತೀರ್ಣ ಮತ್ತು ಮಳೆಯಿಂದ ಒಮ್ಮೆ, ಹೊಳೆಯ ಅಡ್ಡಕೊಯ್ತ (ದಂಡೆಯಿಂದ ದಂಡೆಗೆ ಪಾತ್ರದ ಆಕಾರ), ಇಳಿಜಾರು ಮತ್ತು ನೆರೆಯ ಗುರುತುಗಳಿಂದ ಇನ್ನೊಮ್ಮೆ ಪ್ರವಾಹವನ್ನು ಲೆಕ್ಕ ಹಾಕಿ ಎರಡನ್ನೂ ಹೋಲಿಸಿ ನೋಡಬೇಕೆಂದು ಅದು ಹೇಳುತ್ತದೆ. ಗರಿಷ್ಠ ನೆರೆಯ ಮಟ್ಟವನ್ನು ಸ್ಥಳೀಯರನ್ನು ವಿಚಾರಿಸಿ ತಿಳಿಯಬೇಕೆಂಬುದೂ ಅದರಲ್ಲಿದೆ. ಸೆಕೆಂಡಿಗೆ 30ರಿಂದ 300 ಘನಮೀಟರ್ ನೀರು ಹರಿಯುವ ಹೊಳೆಗೆ, ನೆರೆಯ ಮಟ್ಟದಿಂದ ಸ್ಲ್ಯಾಬಿನ ಅಡಿಯವರೆಗೆ ಕನಿಷ್ಠ 900 ಮಿಲಿಮೀಟರ್ ತೆರವು ಇರಬೇಕೆಂಬ ನಿಯಮವಿದೆ. ಆ ತೆರವಿನ ಒಂದು ಮುಖ್ಯ ಪ್ರಯೋಜನವೇ ತೇಲಿ ಬರುವ ಮರಗಳಿಗೆ ದಾರಿ ಬಿಡುವುದು. ಆಗುಂಬೆಯಂತಹ ಕಡೆ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಘಟ್ಟದಿಂದ ಕಡಿದಾಗಿ ಇಳಿದು ಕೆಲವೇ ಮೈಲಿಗಳಲ್ಲಿ ಸಮುದ್ರ ಸೇರುವ ನಮ್ಮ ಹೊಳೆಗಳು ಗಂಟೆಗಳಲ್ಲಿ ಏರಿ ಗಂಟೆಗಳಲ್ಲಿ ಇಳಿಯುತ್ತವೆ. ಬಯಲುಸೀಮೆಯ ಹಳ್ಳಕ್ಕೆ ಬರೆದ ಮಾದರಿ ನಕ್ಷೆಯ ಮೇಲೆ ಊರಿನ ಹೆಸರು ಬದಲಿಸಿ ಅದನ್ನು ಇಲ್ಲಿಗೆ ತಂದರೆ ಹೊಳೆ ಒಪ್ಪುವುದಿಲ್ಲ.

ಸೇತುವೆಯೇ ಇಲ್ಲದ ಊರುಗಳ ಮಾತನ್ನು ಮರೆತು ನಾನು ವಿನ್ಯಾಸದ ಮಾತನ್ನಷ್ಟೇ ಆಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ 2ನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ಬಿದ್ದು ನೀರುಪಾಲಾದಳು. ನಮ್ಮ ಊರಿನಿಂದ ಅದು ದೂರವಲ್ಲ. ಆ ವಾರ ಇಲ್ಲಿ ಯಾವ ಮನೆಯವರೂ ಮಕ್ಕಳನ್ನು ಸಂಕ ದಾಟಲು ಬಿಡಲಿಲ್ಲ. ಮಲೆನಾಡು, ಕರಾವಳಿಯ ಕಾಲುಸಂಕಗಳ ಜಾಗದಲ್ಲಿ ಗಟ್ಟಿ ಸೇತುವೆಗಳು ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುರಂತವೊಂದು ನಡೆದ ಕೂಡಲೇ ಪಟ್ಟಿ ತಯಾರಿಸಿ, ಮಾರ್ಚ್ ಒಳಗೆ ಹಣ ಖರ್ಚು ಮಾಡುವ ಅವಸರದಲ್ಲಿ ಎಲ್ಲ ಹೊಳೆಗಳಿಗೂ ಒಂದೇ ಅಳತೆಯ ಪೆಟ್ಟಿಗೆಯಾಕಾರದ ಮೋರಿ ಕಟ್ಟಿದರೆ ಆ ಮಗುವಿಗೆ ನಾವು ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಬೇರೆ ದಾರಿ ಇಲ್ಲವೇ ಎಂದು ಕೇಳುವವರು ಸುಳ್ಯದ ಕಡೆ ನೋಡಬಹುದು. 1989ರಲ್ಲಿ ಅರಂಬೂರಿನ ಜನ ಪಯಸ್ವಿನಿ ಹೊಳೆ ದಾಟಲು ದಾರಿ ಬೇಕೆಂದು ಗಿರೀಶ್ ಭಾರದ್ವಾಜ್ ಅವರನ್ನು ಕೇಳಿದಾಗ ಅವರು ಅದುವರೆಗೆ ಸೇತುವೆಯನ್ನೇ ಕಟ್ಟಿರಲಿಲ್ಲ. ಅವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಅಲ್ಲಿಂದ ಮುಂದೆ ಕರ್ನಾಟಕದಲ್ಲೂ ಹೊರರಾಜ್ಯಗಳಲ್ಲೂ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ನನ್ನಂತಹ ಸಿವಿಲ್ ಇಂಜಿನಿಯರು ಆ ಸೇತುವೆಗಳಿಂದ ಕಲಿಯಬೇಕಾದದ್ದು ಒಂದೇ: ಕಾಲುದಾರಿಯ ಸೇತುವೆಗೆ ಹೊಳೆಯ ನಡುವೆ ಕಂಬ ಬೇಕಾಗಿಲ್ಲ. ಗೋಪುರಗಳು ಎರಡು ದಂಡೆಗಳ ಮೇಲೆ, ಉಕ್ಕಿನ ಹಗ್ಗಗಳ ಬುಡ ಅದರಾಚೆಯ ನೆಲದಲ್ಲಿ. ನೀರಿಗೂ ತೇಲಿ ಬರುವ ಮರಕ್ಕೂ ಅಡ್ಡಿ ಎಂಬುದೇ ಇಲ್ಲ. ಹತ್ತಿಪ್ಪತ್ತು ಮನೆಗಳಿಗೆ ನಡೆದು ಹೋಗುವ ದಾರಿ ಸಾಕಾಗಿರುವ ಕಡೆ ಟಿಪ್ಪರ್ ಹೋಗುವಷ್ಟು ಗಟ್ಟಿಯಾದ ಗಿಡ್ಡ ಸೇತುವೆಗಿಂತ, ಹೊಳೆಯ ಪೂರ್ತಿ ಅಗಲವನ್ನು ಒಂದೇ ನೆಗೆತಕ್ಕೆ ದಾಟುವ ಕಿರಿದಾದ ಸೇತುವೆ ಎಷ್ಟೋ ಮೇಲು.

ತೂಗುಸೇತುವೆಗೆ ಅದರದ್ದೇ ಆದ ಅಪಾಯವಿದೆ, ಅದನ್ನೂ ಹೇಳಬೇಕು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಮುರಿದು 135 ಜನ ಸತ್ತರು. ಒಂದು ಮುಖ್ಯ ಹಗ್ಗದ 49 ತಂತಿಗಳ ಪೈಕಿ 22 ಮೊದಲೇ ತುಕ್ಕು ಹಿಡಿದಿದ್ದವೆಂದು ವಿಶೇಷ ತನಿಖಾ ತಂಡ ಕಂಡುಕೊಂಡಿತು. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ತುಕ್ಕು ಇನ್ನೂ ಬೇಗ ಬರುತ್ತದೆ. ಕಟ್ಟುವ ಹಣದ ಜೊತೆಗೇ ವರ್ಷಕ್ಕೊಮ್ಮೆ ಹಗ್ಗ, ಬೋಲ್ಟು, ಹಲಗೆಗಳನ್ನು ನೋಡಿಸುವ ಹಣವನ್ನೂ, ನೋಡುವವರ ಹೊಣೆಯನ್ನೂ ಬರೆದಿಡದೆ ಇಂತಹ ಸೇತುವೆಗೆ ಒಪ್ಪಿಗೆ ಕೊಡಬಾರದು.

ಇನ್ನೊಂದು ವಿಷಯ ನೇರವಾಗಿ ವಿನ್ಯಾಸದ್ದಲ್ಲದಿದ್ದರೂ ವಿನ್ಯಾಸವನ್ನು ಹಾಳುಮಾಡುವಂಥದ್ದು. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ, ಕಂಬಗಳ ಬಳಿ ಮರಳು ತೆಗೆದದ್ದೇ ಕಾರಣವೆಂದು ಊರವರು ದೂರಿದರು. ಪಾತ್ರದ ತಳ ಒಂದು ಮೀಟರ್ ಇಳಿದರೆ, ಎಷ್ಟೋ ಲೆಕ್ಕ ಹಾಕಿ ತಳದಿಂದ ಆಳಕ್ಕಿಳಿಸಿದ ಅಡಿಪಾಯವೂ ಅಷ್ಟೇ ಮೇಲಕ್ಕೆ ಬಂದಂತೆ. ಸೇತುವೆಯ ಮೇಲೆ ಮತ್ತು ಕೆಳಗೆ ಎಷ್ಟು ದೂರದವರೆಗೆ ಮರಳು ಮುಟ್ಟಬಾರದೆಂಬುದನ್ನು ಅಲ್ಲೇ ಕಲ್ಲು ನೆಟ್ಟು ಗುರುತಿಸಿದರೆ ಊರಿನವರಿಗೂ ತಡೆಯಲು ಧೈರ್ಯ ಬರುತ್ತದೆ.

ಕಿಂಡಿ ಅಣೆಕಟ್ಟಿನ ಹಲಗೆಗಳ ಮಾತು ಕಚೇರಿಗಳಲ್ಲಿ ಯಾರಿಗೂ ದೊಡ್ಡದೆನಿಸುವುದಿಲ್ಲ. ಮಳೆ ನಿಂತ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ಹಲಗೆ ಹಾಕಿ ನೀರು ನಿಲ್ಲಿಸಬೇಕು, ಮೇ ತಿಂಗಳಲ್ಲಿ ತೆಗೆದು ಕಿಂಡಿ ತೆರವು ಮಾಡಬೇಕು. ನಮ್ಮ ಹಿರಿಯರ ಮಣ್ಣಿನ ಕಟ್ಟಗಳು ಮೊದಲ ನೆರೆಗೆ ತಾವಾಗಿಯೇ ಒಡೆದು ಹೊಳೆಗೆ ದಾರಿ ಕೊಡುತ್ತಿದ್ದವು. ಕಾಂಕ್ರೀಟಿನ ಅಣೆಕಟ್ಟು ಒಡೆಯುವುದಿಲ್ಲ, ಅದರ ಹಲಗೆಯನ್ನು ಯಾರಾದರೂ ಇಳಿದು ತೆಗೆಯಲೇಬೇಕು. ನೀರು ಕುಡಿದು ಉಬ್ಬಿದ ಮರದ ಹಲಗೆ ಕಿಂಡಿಯ ಪಕ್ಕದ ಸೀಳಿನಲ್ಲಿ ಕಚ್ಚಿಕೊಂಡರೆ ನಾಲ್ಕು ಜನ ಸೇರಿದರೂ ಬರುವುದಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಹಣವೂ ಇಲ್ಲ, ಗೊತ್ತಾದ ಜನವೂ ಇಲ್ಲ. ಎರಡು ಬೇಸಿಗೆ ನಾನೂ ನೆರೆಮನೆಯ ಹುಡುಗರೂ ಸೇರಿ ತೆಗೆದಿದ್ದೇವೆ. ಹಗುರವಾದ ಫೈಬರ್ ಹಲಗೆಗಳನ್ನು ಕೊಟ್ಟು, ಅವನ್ನು ಇಡಲು ದಂಡೆಯಲ್ಲೊಂದು ಕೊಠಡಿ ಕಟ್ಟಿ, ಮೇ 15ರೊಳಗೆ ಕಿಂಡಿ ತೆರವಾಗಿದೆ ಎಂದು ಗ್ರಾಮ ಪಂಚಾಯಿತಿಯಿಂದ ಪ್ರತಿ ವರ್ಷ ಲಿಖಿತವಾಗಿ ಪಡೆಯುವುದು ಕಷ್ಟದ ಕೆಲಸವಲ್ಲ.

ದಂಡೆ ಕುಸಿದ ಕಡೆಗೆಲ್ಲ ನೇರವಾಗಿ ನಿಲ್ಲಿಸುವ ತಡೆಗೋಡೆಗಳ ಬಗ್ಗೆಯೂ ಎರಡು ಮಾತು. ಗೋಡೆಗೆ ಬಡಿದ ನೀರು ಗೋಡೆಯ ಬುಡವನ್ನು ಕೊರೆದು, ಗೋಡೆ ಮುಗಿಯುವ ಕಡೆ ಅಥವಾ ಎದುರಿನ ದಂಡೆಯಲ್ಲಿ ತನ್ನ ಸಿಟ್ಟು ತೀರಿಸಿಕೊಳ್ಳುತ್ತದೆ. ಒಬ್ಬರ ತೋಟ ಉಳಿಸಲು ಇನ್ನೊಬ್ಬರ ಗದ್ದೆ ಕೊಟ್ಟಂತಾಗುತ್ತದೆ. ಸಾಧ್ಯವಿರುವ ಕಡೆ ಇಳಿಜಾರಾಗಿ ಕಲ್ಲು ಹಾಸಿ, ಬುಡದಲ್ಲಿ ತಂತಿಬಲೆಯ ಕಲ್ಲುಪೆಟ್ಟಿಗೆಗಳನ್ನಿಟ್ಟು, ಮೇಲೆ ಬಿದಿರು, ನೀರಂಜಿಯಂತಹ ಹೊಳೆದಂಡೆಯ ಗಿಡಗಳನ್ನು ಬೆಳೆಸಿದರೆ ದಂಡೆ ನಿಲ್ಲುತ್ತದೆ. ದನಗಳು ನೀರಿಗಿಳಿಯುವ, ಹೆಂಗಸರು ಬಟ್ಟೆ ಒಗೆಯುವ, ಚೌತಿಯ ಗಣಪತಿಯನ್ನು ಬಿಡುವ ಕಡವುಗಳಲ್ಲಿ ಮೆಟ್ಟಿಲಿಲ್ಲದೆ ಗೋಡೆ ಕಟ್ಟಿದರೆ ಜನ ಅದನ್ನು ಒಡೆದು ದಾರಿ ಮಾಡಿಕೊಳ್ಳುತ್ತಾರೆ, ಆ ಒಡಕಿನಿಂದಲೇ ನೀರೂ ಒಳಗೆ ಬರುತ್ತದೆ.

ಆದ್ದರಿಂದ ನನ್ನ ಮುಖ್ಯ ಕೋರಿಕೆ ಒಂದೇ, ಉಳಿದವೆಲ್ಲ ಅದರಿಂದ ಹುಟ್ಟಿದವು. ಕರಾವಳಿ ಮತ್ತು ಮಲೆನಾಡಿನಲ್ಲಿ ಯಾವುದೇ ಸಣ್ಣ ಸೇತುವೆಯ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ, ಅದನ್ನು ವಿನ್ಯಾಸ ಮಾಡುವ ಇಂಜಿನಿಯರು ಜುಲೈ ಅಥವಾ ಆಗಸ್ಟ್‌ನಲ್ಲಿ ಕನಿಷ್ಠ ಒಮ್ಮೆ ಆ ಹೊಳೆಯ ದಂಡೆಯಲ್ಲಿ ನಿಂತು ನೋಡಿರುವುದನ್ನು ಕಡ್ಡಾಯಗೊಳಿಸಬೇಕು. ಆ ದಿನದ ನೀರಿನ ಮಟ್ಟ, ಊರಿನ ಮೂವರು ಹಿರಿಯರು ತೋರಿಸಿದ ನೆರೆಯ ಗುರುತು, ನೀರಿನಲ್ಲಿ ತೇಲಿ ಬರುವ ಮರಗಳ ಗಾತ್ರ, ಹೊಳೆ ನೇರವಾಗಿದೆಯೋ ಬಾಗಿದೆಯೋ ಎಂಬುದು, ನೆನೆದ ಸ್ಥಿತಿಯಲ್ಲಿ ದಂಡೆಯ ಮಣ್ಣು ಹೇಗಿದೆ ಎಂಬುದು, ಇವಿಷ್ಟೂ ಒಂದು ಪುಟದಲ್ಲಿ ಸಹಿಯೊಂದಿಗೆ ಕಡತದಲ್ಲಿರಬೇಕು. ಆ ಪುಟದ ಪ್ರತಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಹಚ್ಚಬೇಕು. ಹಾಗೆ ಕಂಡ ಹೊಳೆಗೆ 19 ಮೀಟರ್ ಬೇಕಾಗಿದ್ದು ಹಣ 10 ಮೀಟರಿಗಷ್ಟೇ ಇದ್ದರೆ, 10 ಮೀಟರ್ ಕಟ್ಟಿ ಮುಗಿಸುವ ಬದಲು ಹಣ ಕೂಡಿಬರುವವರೆಗೆ ಕಾಯಬೇಕು, ಅಥವಾ ಅಷ್ಟೇ ಹಣದಲ್ಲಿ ಹೊಳೆಯ ಪೂರ್ತಿ ಅಗಲ ದಾಟುವ ಕಾಲುಸೇತುವೆ ಕಟ್ಟಬೇಕು. ಸೇತುವೆಯನ್ನು ಸೇರುವ ಕೂಡುರಸ್ತೆ ಮತ್ತು ದಂಡೆಯ ರಕ್ಷಣೆಯನ್ನು ಎರಡನೆಯ ಹಂತಕ್ಕೆಂದು ಬಿಡುವ ಪದ್ಧತಿ ನಿಲ್ಲಬೇಕು. ಆ ಎರಡನೆಯ ಹಂತ ಬಂದದ್ದನ್ನು ನಾನು ಸೇವೆಯಲ್ಲಿದ್ದಾಗ ಕಂಡದ್ದು ಬಹಳ ಕಡಿಮೆ. ಮಕ್ಕಳು ನಡೆಯುವ ಪ್ರತಿ ಸೇತುವೆಗೂ ಅವರು ನುಸುಳಿ ಬೀಳದಂತೆ ಅಡ್ಡಸರಳುಗಳಿರುವ, 1.1 ಮೀಟರ್ ಎತ್ತರದ ಕೈಹಿಡಿ ಇರಲೇಬೇಕು.

ನಮ್ಮ ಸೇತುವೆಯ ಬಗ್ಗೆ ಕೇಳುವುದು ಇಷ್ಟು. ಇದ್ದುದನ್ನು ಒಡೆಯಬೇಕಾಗಿಲ್ಲ. ಎಡಗಡೆ ಹೊಳೆ ತಾನೇ ಮಾಡಿಕೊಂಡ ದಾರಿಯನ್ನು ಮಣ್ಣು ತುಂಬಿ ಮುಚ್ಚದೆ, ಅದರ ಮೇಲೆ 10 ಮೀಟರಿನ ಒಂದು ಅಂಕಣವನ್ನು ಕಂಬವಿಲ್ಲದೆ ಸೇರಿಸಿ, ಅದರ ಆಧಾರಗೋಡೆಯನ್ನು ಶೇಡಿ ಮಣ್ಣು ದಾಟಿ ಕೆಳಗಿನ ಬಂಡೆಗೆ ಇಳಿಸಿ, ದಂಡೆಗೆ ಮೇಲಕ್ಕೂ ಕೆಳಕ್ಕೂ ಕಲ್ಲು ಹಾಸಿದರೆ ಸಾಕು. ಬಂಡೆ ಎಷ್ಟು ಆಳದಲ್ಲಿದೆ ಎಂಬುದನ್ನು ಬೇಸಿಗೆಯಲ್ಲಿ ಗುಂಡಿ ತೆಗೆಸಿ ಅಳೆದಿಟ್ಟಿದ್ದೇನೆ, ಕಳೆದ ಮೂರು ಮಳೆಗಾಲದ ಅಡ್ಡಕೊಯ್ತಗಳೂ ನನ್ನ ಬಳಿ ಇವೆ. ಯಾರು ಕೇಳಿದರೂ ಕೊಡುತ್ತೇನೆ. ಹಲಸಿನ ಮರದ ಮೇಲಿನ ಗೆರೆಗಳು ಹಾಗೆಯೇ ಇವೆ.

ಆದರೆ ನಕ್ಷೆ ಬರೆಯುವ ಮೊದಲು ದಯವಿಟ್ಟು ಜುಲೈ ಎರಡನೆಯ ವಾರದಲ್ಲಿ ಒಮ್ಮೆ ಬನ್ನಿ. ಬೆಳಗ್ಗೆ ಎಂಟೂವರೆಯೊಳಗೆ ಬಂದರೆ ಮಕ್ಕಳು ದಾಟುವುದನ್ನೂ ನೋಡಬಹುದು. ನೆರೆಯ ಸದ್ದಿನಲ್ಲಿ ಆಚೆಯಿಂದ ಕೂಗಿದ್ದು ಕೇಳಿಸುವುದಿಲ್ಲ. ಬಲದಂಡೆಯ ತೋಟದ ಬೇಲಿಯವರೆಗೆ ನಡೆದು ಬನ್ನಿ, ನಾನು ಅಲ್ಲೇ ಇರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್,
ಕುಂದಾಪುರ ಸೀಮೆ